ಖಂಡೆಪೂಜೆಯ ಹಾಡು

ಮುಜಾಫರನನ್ನು ಕೆಲಸದಿಂದ ತೆಗೆಯಬೇಕೆಂದು ಮುಖ್ಯಾಧ್ಯಾಪಕಿ ಪೂರ್ಣಿಮಾ ಮೇಡಂ ನಿಶ್ಚಯಿಸಿಯಾಗಿತ್ತು. ಬೇಕಿದ್ದದ್ದು ಸಾಕ್ಷಿ ಮಾತ್ರ. ಹತ್ತನೆಯ ತರಗತಿಯ ಗಣಿತ ಪ್ರಶ್ನೆಪತ್ರಿಕೆ ಶಾಲೆಯ ಪರೀಕ್ಷೆಗೆ ಮೊದಲೇ ಮಕ್ಕಳ ಮೊಬೈಲುಗಳಲ್ಲಿ ಓಡಾಡಿತ್ತು. ಅದು ಸಿಕ್ಕಿದ್ದು ಅಂಬೇವಾಡಿಯ ಈ ಶಾಲೆಯ ಕಂಪ್ಯೂಟರಿನಲ್ಲಿ, ಮುಜಾಫರನ ಹೆಸರಿನ ಖಾತೆಯಲ್ಲಿ. ಕಂಪ್ಯೂಟರ್ ಮಾಸ್ತರನೂ ಅವನೇ. ಇನ್ನೇನು ಬೇಕು?

ಒಮ್ಮೆ ಸಂಶಯ ಹೊಕ್ಕರೆ ಹಗ್ಗವೂ ಹಾವೇ. ಅವನು ಮೊಬೈಲು ಬೋರಲಿಟ್ಟರೂ ತಪ್ಪು, ಶುಕ್ರವಾರ ನಮಾಜಿಗೆ ಎದ್ದರೂ ತಪ್ಪು. ಸುದ್ದಿ ಹಬ್ಬಿ, ಅವನ ತಾಯಿ ರೋಷನಬಿ ಓಣಿಯ ನಳಕ್ಕೆ ನೀರಿಗೆ ಹೋಗುವುದನ್ನೇ ಬಿಟ್ಟಿದ್ದಳು. ಮೇಡಂಗೆ ಅದೂ ಗೊತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡಿದ್ದರು.

ತಪಾಸಣೆಗೆಂದು ಧಾರವಾಡದಿಂದ ಬಂದ ಕಂಪ್ಯೂಟರ್ ತಜ್ಞೆ ಸ್ವಪ್ನಾ ಕಂಪ್ಯೂಟರಿನ ಡಿಸ್ಕು ಬಿಚ್ಚಿ ಪೂರ್ತಿ ನಕಲು ಮಾಡಿಕೊಂಡಳು. "ಅಸಲು ಮುಟ್ಟೂದಿಲ್ರಿ, ನಕಲಿನ್ಯಾಗ ಹುಡುಕೂದು," ಎಂದಳು. ಮುಜಾಫರ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಎಷ್ಟು ಶಾಂತ ನೋಡು, ಪಕ್ಕಾ ಕಳ್ಳ ಎಂದು ಮೇಡಂ ಹಲ್ಲು ಕಚ್ಚಿದರು.

"ಪತ್ರಿಕೆ ಪೆನ್ ಡ್ರೈವಿನಿಂದ ಇಳದೈತ್ರಿ," ಎಂದಳು ಸ್ವಪ್ನಾ, "ದಸರಾದ ಖಂಡೆಪೂಜೆ ದಿನ."

"ಅವತ್ತು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಹೂ ಏರಿಸಿ ಬಿಟ್ಟಿರ್ತೇವಿ. ಕೆಲಸಕ್ಕಂತ ಯಾರೂ ಮುಟ್ಟಂಗಿಲ್ಲ," ಎಂದರು ಮೇಡಂ. "ಮುಟ್ಟಿದವರು ಯಾರು, ಇವರನ್ನ ಕೇಳ್ರಿ!"

"ಪತ್ರಿಕೆ ಒಂದ ಅಲ್ರಿ, ಅದರ ಕೂಡ ದೇವಿ ಹಾಡೂ ಇಳದಾವು. ಹಾಡು ಹಾಕೂ ಮುಂದ ಇಡೀ ಫೋಲ್ಡರ್ ಎತ್ತಿ ಹಾಕ್ಯಾರ. ಸೂಟಿ ಮುಗಿಸಿ ಬಂದ ಮಕ್ಕಳಿಗೆ ಸಿಕ್ಕೈತಿ. ಆ ಪೆನ್ ಡ್ರೈವಿನ ನಂಬರ್ ಇಲ್ಲಿ ಉಳದೈತ್ರಿ, ತಂದ್ರ ತಾಳೆ ನೋಡ್ತೇನಿ."

ಮೇಡಂ ಕೈ ತಾನಾಗಿ ಸೊಂಟದ ಕೀಲಿಗೊಂಚಲಿಗೆ ಹೋಯಿತು. ಪೆನ್ ಡ್ರೈವು ಅಲ್ಲೇ ತೂಗುತ್ತಿತ್ತು. ಹಾಡಿಲ್ಲದೆ ಎಂಥ ಪೂಜೆ ಎಂದು ಅವತ್ತು ಚುಚ್ಚಿದ್ದು ತಾವೇ. ಮುಜಾಫರನ ಖಾತೆ ತೆರೆದೇ ಇತ್ತು. ಶಾಲೆಯವರೆಲ್ಲ ಬಳಸುತ್ತಿದ್ದದ್ದು ಅದನ್ನೇ. ಪೆನ್ ಡ್ರೈವು ಅಲ್ಲೇ ಬಿಟ್ಟರೆ ತಾವು ಅದರಲ್ಲಿ ಜೋಪಾನ ಮಾಡಿದ್ದ ಪ್ರಶ್ನೆಪತ್ರಿಕೆಯನ್ನು ಯಾರಾದರೂ ಕದ್ದಾರು ಎಂಬ ಸಂಶಯಕ್ಕೆ, ಹಾಡನ್ನಷ್ಟೇ ಆರಿಸದೆ ಅವಸರದಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಪೆನ್ ಡ್ರೈವು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಸೆರಗು ಎಳೆದು ಮುಚ್ಚಿಬಿಡಬಹುದಿತ್ತು. ಎಳೆದರು ಕೂಡ. ಆದರೆ ಮುಜಾಫರನ ಕಣ್ಣು ಕೀಲಿಗೊಂಚಲ ಮೇಲೇ ಇತ್ತು. ಮೇಡಂ ಸೆರಗು ಸರಿಸಿದರು. ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟರು.

"ನಂದ ಇದು," ಎಂದರು. "ಮುಜಾಫರ ಸರ್, ತಪ್ಪಾತ್ರಿ."

"ನನಗ ಹೇಳಬ್ಯಾಡ್ರಿ ಮೇಡಂ," ಎಂದ ಮುಜಾಫರ. "ನಮ್ಮ ಅಮ್ಮಿಗೆ ಹೇಳ್ರಿ. ನಳದ ಮುಂದ ನಿಂತು, ಓಣಿ ಮಂದಿ ಎಲ್ಲಾ ಕೇಳೂ ಹಂಗ."