ಇಬ್ಬನಿಗೆ ನಿಂತ ಚೆಂಡು

ಧನುರ್ಮಾಸದ ಇಬ್ಬನಿ ಆರಿ ಎಷ್ಟು ಹೊತ್ತಾಯಿತೋ, ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಸಾಣೆ ಹಿಡಿದ ಕಲ್ಲಿನಂತೆ ಮಿನುಗುತ್ತಿದೆ, ಬೇಲಿಯಾಚೆ ಪೋರೂರಿನ ಬಸ್ಸುಗಳ ಹಾರ್ನು, ಎಲೆ ಗುಡಿಸುತ್ತಿದ್ದ ಅಂದಾನಿಯ ಕಸಬರಿಗೆ ನಿಂತಲ್ಲೇ ನಿಂತಿದೆ — ಎದುರಿಗೆ ಕೊನೆಯ ಕುಳಿ, ಬೆಳಗ್ಗೆ ಅವನೇ ಕೊರೆದದ್ದು, ದಿನವೂ ಹಳೆಯ ಕುಳಿ ಮುಚ್ಚಿ ಹೊಸದು ಕೊರೆಯುವುದೇ ಈ ಗಾಲ್ಫ್ ಮೈದಾನದಲ್ಲಿ ಅವನ ಕೆಲಸ, ಇವತ್ತು ಅದರ ಇಳಿಜಾರಿನ ಬುಡದಲ್ಲಿ ಕೋಲು ಹಿಡಿದು ಬಗ್ಗಿದವಳು ಅವನ ಮಗಳು ಮಾನಸ, ಗೆದ್ದರೆ ಕ್ಲಬ್ಬಿನ ತರಬೇತಿ, ಸೋತರೆ ಎದುರಾಳಿ ಸುಮೇಧಾಳಿಗಾದರೆ ಇನ್ನೊಂದು ಪಂದ್ಯವಿದೆ, ಅವಳು ಡಾಕ್ಟರ ಮಗಳು, ಮಾನಸಳಿಗೆ ಮಾತ್ರ ವಡಪಳನಿಯ ಸಿನಿಮಾ ಸ್ಟುಡಿಯೋದಲ್ಲಿ ಅವ್ವನ ಜೊತೆ ಬಟ್ಟೆ ಇಸ್ತ್ರಿ, ಅವಳೇ ಒಪ್ಪಿದ್ದು, ಒರು ವಾಟಿ ಅಪ್ಪಾ, ಒಂದೇ ಸಲ ಆಡ್ತೀನಿ. ಬೆಳಗ್ಗೆ ಸೆಕ್ರೆಟರಿ ತಿರುಮಲ ಸಾರ್ ಕಾಫಿ ಲೋಟ ಹಿಡಿದೇ ಬಂದರು, ಎಲ್ಲಿ ಬೇಕೋ ಅಲ್ಲಿ ಕೊರಿಯಪ್ಪಾ ಅಂದಾನಿ, ಉನ್ ಇಷ್ಟಂ. ಹುಲ್ಲು ಕತ್ತರಿಸುವ ಯಂತ್ರದ ಮೇಲಿಂದ ಭೋಜರಾಜ, ಮಾವಾ, ಮಗಳು ಆಡಾಕತ್ತಾಳ, ಬಾವಿಯಷ್ಟು ಅಗಲ ಕೊರೀರಿ, ಕಣ್ಣು ಮುಚ್ಚಿ ಹೊಡದ್ರೂ ಬೀಳ್ಲಿ. ಎಲ್ಲರೂ ನಕ್ಕರು, ಇವನೂ ನಕ್ಕ, ನಗುತ್ತಲೇ ಕಿವಿ ಬಿಸಿಯಾಯಿತು, ಸಮತಟ್ಟಿನಲ್ಲಿ ಊರಿದ್ದ ಕುಳಿ ಕೊರೆಯುವ ಕೊಳವೆಯನ್ನು ಕಿತ್ತು ಇಳಿಜಾರಿಗೆ ಒಯ್ದದ್ದು ಆಗಲೇ — ಅಪ್ಪ ಮಗಳಿಗಾಗಿ ಕೊರೆದ ಅಂತ ಯಾವ ಬಾಯೂ ಅನ್ನಬಾರದು. ಹೊಸ ಕುಳಿಯ ಕಡೆಗೆ ಒಂದು ಚೆಂಡು ಉರುಳಿಸಿ ನೋಡಿದ, ಅಂಚಿನಲ್ಲಿ ನಿಂತಿತು, ನಿಂತದ್ದು ಇಬ್ಬನಿಗೆ, ಬಿಸಿಲೇರಿದರೆ ನಿಲ್ಲುವುದಿಲ್ಲ, ಊರಲ್ಲಿ ಹೊಲಕ್ಕೆ ನೀರು ಹಾಯಿಸಿ ಹಾಯಿಸಿ ಇಳಿಜಾರು ಕಲಿತ ಕೈಗೆ ಅದು ಗೊತ್ತಿಲ್ಲವೇ, ಗೊತ್ತಿದ್ದೂ, ನಿಂತಿತಲ್ಲ, ಸಾಕು ಅಂದುಕೊಂಡ. ಈಗಷ್ಟೇ ಸುಮೇಧಾ, ತಟ್ಟಿದ ಚೆಂಡು ಮತ್ತೆ ಮತ್ತೆ ಹಿಂದಿರುಗಿದ್ದಕ್ಕೆ ರೋಸಿಹೋಗಿ, ಜೋರಾಗಿ ಬಡಿದಳು, ಚೆಂಡು ಬಾವುಟದ ಕಂಬಕ್ಕೆ ತಾಗಿ ಕುಳಿಗೆ ಬಿತ್ತು. ಮಾನಸಳಿಗೆ ಇನ್ನು ಎರಡು ಏಟು, ಎರಡರಲ್ಲಿ ಹಾಕಿದರೆ ಗೆಲುವು, ಅಳತೆಯಾಗಿ ತಟ್ಟಿದಳು, ಏರಿತು, ಅಂಚಿನಲ್ಲಿ ಯೋಚಿಸಿದಂತೆ ನಿಂತು ಹಿಂದಿರುಗಿ ಅವಳ ಕಾಲ ಬಳಿಗೇ. ಇದೇನ್ರೀ ಅನ್ಯಾಯದ ಕುಳಿ, ಅಂದರು ಯಾರೋ. ಇಬ್ಬರಿಗೂ ಒಂದೇ ಕುಳಿ ತಾನೇ, ಅನ್ಯಾಯ ಎಲ್ಲಿಂದ ಬಂತು, ಅಂದರು ತಿರುಮಲ ಸಾರ್. ಒಂದೇ, ಹೌದು, ಅಂದಾನಿ ಒಳಗೇ ಅಂದುಕೊಂಡ, ಒಂದೇ ಆದರೆ ಸಾಕೇ, ಒಳ್ಳೆಯ ಏಟನ್ನು ಒಪ್ಪದ ಕುಳಿ, ಒರಟು ಏಟಿಗೆ ಬಾಯಿ ತೆರೆಯುವ ಕುಳಿ, ಅದನ್ನು ಕುಳಿ ಅನ್ನುತ್ತಾರೆಯೇ, ಮಾನಸ ಮತ್ತೆ ತಟ್ಟಿದಳು, ಮತ್ತೆ ಅಂಚು, ಮತ್ತೆ ವಾಪಸು, ಅಲ್ಲಿಗೆ ಗೆಲುವು ಹೋಯಿತು. ಅವಳು ತಲೆಯೆತ್ತಿ ಇವನನ್ನೇ ನೋಡಿದಳು, ಏಂಪ್ಪಾ ಇಂಗ, ಯಾಕಪ್ಪಾ ಇಲ್ಲಿ. ನಿನ್ನ ಒಳ್ಳೇದಕ್ಕವ್ವಾ ಅನ್ನಲೇ, ಅವಳ ಒಳ್ಳೇದು ಎಲ್ಲಿ ಬಂತು, ಕೊರೆದದ್ದು ತನ್ನ ಹೆಸರಿನ ಒಳ್ಳೇದಕ್ಕೆ, ಅವಳ ಒಂದೇ ಸಲವನ್ನು ತೆತ್ತು ತನ್ನ ಹೆಸರು ಉಳಿಸಿಕೊಂಡ, ಇದನ್ನು ಯಾವ ಜನ್ಮದಲ್ಲಿ ತೀರಿಸುವುದು, ವಿಡುಪ್ಪಾ, ಬಿಡು ಅಂದಳು, ಬೈಯಲೂ ಇಲ್ಲ, ಆಟ ಮುಗಿಸಲೇಬೇಕಲ್ಲ, ಬಗ್ಗಿದಳು, ತಟ್ಟಿದಳು, ಬಿಳಿ ಚೆಂಡು ಏರುತ್ತಿದೆ, ಅಂಚಿಗೆ ಬಂತು, ನಿಂತಿತು, ತಿರುಗಿತು, ಬರುತ್ತಿದೆ, ಅವಳ ಬೂಟಿನ ಕಡೆಗೆ, ಬರುತ್ತಿದೆ —