ಕೊಯ್ದ ಹಿಡಿಯ ಕೋವಿ

ತೀರ್ಥರಾಮ ತಮ್ಮನ ಕೋವಿಯನ್ನು ಗೋಡೆಯ ಮೊಳೆಯಿಂದ ಇಳಿಸಿ, ದರ್ಬೆಯಿಂದ ಬಂದಿದ್ದ ಕೋವಿ ರಿಪೇರಿಯ ದೇವದಾಸನ ಕೈಗೆ ಕೊಟ್ಟ. ತಮ್ಮ ಚೆನ್ನಕೇಶವನ ಹೆಣ ಇನ್ನೂ ಚಾವಡಿಯಲ್ಲೇ ಇತ್ತು.

"ಇದು ಅಜ್ಜನದ್ದೋ, ಇವ ತೆಗೊಂಡದ್ದೋ, ನೋಡಿ ಹೇಳಿ ಮಾರಾಯ್ರೆ."

ಗೋಡೆಗೊರಗಿ ಕೂತಿದ್ದ ಚೆನ್ನಕೇಶವನ ಹೆಂಡತಿ ಪಂಕಜಾಕ್ಷಿಗೆ ಸಿಟ್ಟು ಬರುವಷ್ಟೂ ತ್ರಾಣವಿರಲಿಲ್ಲ. ಅಜ್ಜನ ಕೋವಿ ಈಡು ಹೊಡೆಯುವವರು, ಗುಂಡು ಹಾರಿಸಬಲ್ಲವರು ಇರುವ ಮನೆಯಲ್ಲೇ ಇರಬೇಕು, ಅದು ಕುಟುಂಬದ ಕಟ್ಟಳೆ. ಗಂಡ ಹೋದ ಮೇಲೆ ಈ ಮನೆಯಲ್ಲಿ ಈಡುಗಾರರಿಲ್ಲವೆಂದೇ ಎಲ್ಲರ ಲೆಕ್ಕ; ಅಜ್ಜನದ್ದೆಂದಾದರೆ ಸಂಜೆಯೊಳಗೆ ಭಾವ ತೀರ್ಥರಾಮನ ಮನೆ ಸೇರುತ್ತದೆ. ಆಮೇಲೆ ಅವಳ ಬಾಳೆ, ಗೆಣಸು ಕಾಡುಹಂದಿಗಳಿಗೆ ಬಿಟ್ಟಿ ಊಟ.

ದೇವದಾಸ ಮರದ ಹಿಡಿಯನ್ನು ಬೆಳಕಿಗೆ ಹಿಡಿದ. "ಮುಷ್ಟಿ ಕೂರುವಲ್ಲಿ ಬಾಗು ಇಲ್ಲ, ನೇರ ಉಂಟು. ಈ ಗೆರೆ ಎಲ್ಲ ಕೈಯಲ್ಲೇ ಕೊರೆದದ್ದು. ಅಜ್ಜನ ಕಾಲದ್ದೇ. ಆದ್ರೆ ಎಂತ ಅನ್ಯಾಯ! ಹೆಗಲಿಗೆ ತಾಗುವ ತುದಿ ಎರಡು ಬೆರಳಿನಷ್ಟು ಕೊಯ್ದಿದ್ದಾರಲ್ಲ!"

"ಅಂಥಾ ಈಡುಗಾರ ಇಂಥಾ ಮರ್ಲು ಕೆಲಸ ಮಾಡುದಾ?" ಎಂದ ತೀರ್ಥರಾಮ.

* * *

ಕೊಯ್ದದ್ದು ಚೆನ್ನಕೇಶವನೇ. ಮರದಿಂದ ಬಿದ್ದು ಬಲ ಹೆಗಲು ಮೇಲೇಳದಾದ ವರ್ಷ, ಹೆಂಡತಿಯ ತೋಳಿನ ಅಳತೆ ನೋಡಿ ಗರಗಸ ಎಳೆದಿದ್ದ.

"ಯಾರಿಗೂ ಹೇಳ್ಬೇಡ ಮಾರಾಯ್ತಿ. ಊರಲ್ಲಿ ನಂಗೆ ಇರುದು ಈಡುಗಾರ ಅನ್ನುವ ಇದೊಂದೇ ಹೆಸರು."

ಅಂದಿನಿಂದ ಹಂದಿ ಓಡಿಸುವ ಈಡು ಅವಳದ್ದು, ಅರಂತೋಡಿನ ಹೋಟೆಲಿನಲ್ಲಿ ಕತೆ ಅವನದ್ದು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಆದರೂ ಅವನು ನಗುತ್ತಾ ಮನೆಗೆ ಬರುವುದು ಅವಳಿಗೂ ಬೇಕಾಗಿತ್ತು.

* * *

"ಹೊತ್ತಾಯ್ತು, ಎರಡು ಈಡು ಬಿಡುವ," ಎಂದು ತೀರ್ಥರಾಮ ತೋಟೆ ತುಂಬಿದ. ಆ ಮನೆತನದಲ್ಲಿ ಗುಂಡು ಹಾರಿಸದೆ ಹೆಣ ಅಂಗಳ ದಾಟುವುದಿಲ್ಲ. ಮೋಟು ಹಿಡಿ ಅವನ ಹೆಗಲಿಗೆ ಕೂರಲೇ ಇಲ್ಲ, ಹೆಬ್ಬೆರಳು ಹೋಗಿ ಮೂಗಿಗೆ ತಾಗಿತು.

"ಥತ್! ಇದು ಮಕ್ಕಳ ಆಟಕ್ಕೂ ಆಗ್ಲಿಕ್ಕಿಲ್ಲ."

ಪಂಕಜಾಕ್ಷಿ ಎದ್ದಳು. ನಿಜ ಹೇಳಿದರೆ ಹೆಣಕ್ಕಿಂತ ಮೊದಲು ಗಂಡನ ಹೆಸರು ಸುಟ್ಟುಹೋಗುತ್ತದೆ, ಹೇಳದಿದ್ದರೆ ಕೋವಿ ಹೋಗುತ್ತದೆ. ಅಯ್ಯೋ ದೇವರೇ, ಸತ್ತ ದಿನವೂ ಈ ಮನುಷ್ಯ ನನ್ನನ್ನು ದುಡಿಸುತ್ತಾನಲ್ಲ ಅನ್ನಿಸಿತು.

"ಇಲ್ಲಿ ಕೊಡಿ ಭಾವ. ಅದು ನನ್ನ ಅಳತೆಗೆ ಕೊಯ್ದದ್ದು. ಅವರು ನಂಗೆ ಈಡು ಕಲಿಸಿದ್ದು ಅದರಲ್ಲೇ."

"ಹೆಂಗಸರು ಹೊಡೆಯುದಾ?"

"ಅವರು ಕಲಿಸಿದ್ದು ದಂಡ ಆಗ್ಬಾರ್ದಲ್ಲ."

ಹಿಡಿ ಅವಳ ಹೆಗಲಿಗೆ ಸರಿಯಾಗಿ ಕೂತಿತು. ಒಂದರ ಹಿಂದೆ ಒಂದು, ಎರಡು ಈಡು. ಆಲಂಕಾರಿನ ನೆಂಟರೊಬ್ಬರು, "ಕಲಿಸಿದ್ರೆ ಚೆನ್ನಕೇಶವನ ಹಾಗೆ ಕಲಿಸ್ಬೇಕು!" ಎಂದು ಕಣ್ಣೊರೆಸಿಕೊಂಡರು.

ಕೋವಿಗಾಗಿ ತೀರ್ಥರಾಮ ಮತ್ತೆ ಕೈ ಚಾಚಲಿಲ್ಲ. ಚಟ್ಟ ಎದ್ದಿತು. ಪಂಕಜಾಕ್ಷಿ ಖಾಲಿ ತೋಟೆ ತೆಗೆದು, ನಳಿಗೆಯ ಹೊಗೆ ಊದಿ, ಕೋವಿಯನ್ನು ಹೆಗಲಿಗೇರಿಸಿಕೊಂಡು ಗಂಡಸರ ಸಾಲಿನಲ್ಲಿ ನಡೆದಳು.