ಮೊಣಕಾಲಿನ ತೂತು

ರಿಯಾದಿನಲ್ಲಿ ನನ್ನ ಮಗ ನಿಸಾರನಿಗೆ ಒಂದು ಲಾಂಡ್ರಿ. ಅದರ ಮೇಲೆಯೇ ನಮ್ಮ ಮನೆ. ಗಂಡ ಹಸನ್ ಕುಂಞಿ ತೀರಿಕೊಂಡ ಮೇಲೆ ಮಗ ನನ್ನನ್ನು ಉಳ್ಳಾಲದಿಂದ ಕರೆಸಿಕೊಂಡ. ಸುಮ್ಮನೆ ಕೂತರೆ ನನಗೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಅಂಗಡಿಯಲ್ಲಿ ಹರಿದ ಬಟ್ಟೆಗೆ ನೂಲು ಹೆಣೆದು ಮುಚ್ಚುವ ರಫು ಕೆಲಸವನ್ನು ನಾನೇ ವಹಿಸಿಕೊಂಡೆ. ನಾನು ರಫು ಹಾಕಿದ ಜಾಗವನ್ನು ಇರುವೆಯೂ ಪತ್ತೆ ಹಚ್ಚಲಾರದು. ಇದರಲ್ಲಿ ಸುಳ್ಳು ಸ್ವಲ್ಪವೇ.

ಮೆಟ್ರೊಗೆಂದು ಊರನ್ನೆಲ್ಲ ಅಗೆದು ಹಾಕಿದ್ದ ವರ್ಷ ಅದು. ಮೊಮ್ಮಗಳು ಹಿಬಾ ಒಂದು ನೀಲಿ ಜೀನ್ಸ್ ಕೊಂಡು ತಂದಳು. ಅದರ ಒಂದು ಮೊಣಕಾಲು ಹರಿದಿತ್ತು.

"ಎಂತ ಇದು, ನಾಯಿ ಕಚ್ಚಿತಾ?" ಎಂದ ನಿಸಾರ್.

"ಇಟಾಲಿಯನ್ ಫ್ಯಾಶನ್ ಅಬ್ಬಾ. ಮೇಲಿಂದ ಉದ್ದ ಅಬಾಯ ಹಾಕಿದ್ರೆ ಯಾರಿಗೆ ಕಾಣ್ತದೆ?"

"ಕಾಣದಿದ್ರೆ ಹರಿದದ್ದು ಯಾಕೆ?"

ನಿಸಾರ್ ಪ್ಯಾಂಟನ್ನು ಅವಳ ಕೈಯಿಂದ ಕಿತ್ತುಕೊಂಡ.

"ಉಮ್ಮ, ಇದಕ್ಕೆ ರಫು ಹಾಕಿ. ತೂತು ಇತ್ತು ಅಂತ ಗೊತ್ತೇ ಆಗ್ಬಾರ್ದು," ಎಂದು ಅದನ್ನು ನನ್ನ ಬುಟ್ಟಿಗೆ ಎಸೆದು ಹೋದ.

ಮರುದಿನ ಬುಟ್ಟಿಯಲ್ಲಿ ಅಂಗಡಿಯಿಂದ ಬಂದ ಒಗೆದು ಮಡಚಿದ ಬಟ್ಟೆಗಳ ನಡುವೆ ನೀಲಿ ಪ್ಯಾಂಟು ಸಿಕ್ಕಿತು. ಮೊಣಕಾಲಲ್ಲಿ ತೂತೂ ಇತ್ತು. ಸೊಂಟ ಮಾತ್ರ ಹಿಬಾಳಂಥ ಇಬ್ಬರು ಹಿಡಿಯುವಷ್ಟು ದೊಡ್ಡದಾಗಿ ಕಂಡಿತು. ಅದೂ ಫ್ಯಾಶನ್ನೇ ಇರಬೇಕೆಂದು ರಫು ಹಾಕಿ ಮುಗಿಸಿದೆ. ಆಮೇಲೆ ಗೊತ್ತಾಯಿತು, ಹಿಬಾ ತನ್ನ ಪ್ಯಾಂಟನ್ನು ಬುಟ್ಟಿಯಿಂದ ಎತ್ತಿ ಹಾಸಿಗೆಯ ಅಡಿಗೆ ತುರುಕಿದ್ದಳು. ನನ್ನ ಕೈಗೆ ಬಂದದ್ದು ಗಿರಾಕಿಯದು. ಮನೆಯಲ್ಲಿ ಹರಿದ ಪ್ಯಾಂಟು ಎರಡಿರಬಹುದೆಂದು ಯಾವ ಮುದುಕಿ ಎಣಿಸುತ್ತಾಳೆ?

ಸಂಜೆ ಗಿರಾಕಿ ಬಂದ. ಮೆಟ್ರೊ ಕೆಲಸದ ಇಟಲಿಯ ಇಂಜಿನಿಯರ್, ಹೆಸರು ಸಾಂಡ್ರೊ. ತಾಳೆಮರದಷ್ಟು ಎತ್ತರ. ಪ್ಯಾಂಟು ಬಿಡಿಸಿ ಮೊಣಕಾಲನ್ನು ಸವರಿ ನೋಡಿದವನು ಒಳಹೊರಗೆ ತಿರುಗಿಸಿ ತೂತನ್ನು ಹುಡುಕಿದನಂತೆ. ನಿಸಾರ್ ನನ್ನನ್ನು ಕೆಳಗೆ ಕರೆದ. ಇಂಗ್ಲಿಷ್ ತಿಳಿಸಲಿಕ್ಕೆ ಹಿಬಾಳೂ ಬಂದಳು.

"ಅದು ಅವರ ತೀರಿಹೋದ ಅಪ್ಪನ ಪ್ಯಾಂಟಂತೆ ಉಮ್ಮಮ್ಮ," ಎಂದಳು ಹಿಬಾ. "ಬರೀ ಒಗೀಲಿಕ್ಕೆ ಕೊಟ್ಟದ್ದಂತೆ. ನಾಳೆ ಬೆಳಿಗ್ಗೆ ಊರಿಗೆ ಹೋಗ್ತಾರೆ. ತಾಯಿಗೆ ಎಂಬತ್ತು ವರ್ಷ. ಮಗನ ಹೆಸರೇ ಮರೆತುಹೋಗಿದೆ. ಆದ್ರೆ ಈ ಪ್ಯಾಂಟು ಮಡಿಲಲ್ಲಿಟ್ರೆ ತೂತಿಗೆ ಬೆರಳು ಹಾಕಿ ಎಲ್ಲ ಕತೆ ಹೇಳ್ತಾರಂತೆ."

"ಎಂತ ಕತೆ ಕೇಳು," ಎಂದೆ.

ದೊಡ್ಡ ಯುದ್ಧದಲ್ಲಿ ನೇಪಲ್ಸಿನ ಬಂದರಿಗೆ ಅಮೆರಿಕದ ಸಿಪಾಯಿಗಳು ಬಂದಿಳಿದರಂತೆ. ಅವರ ಹಿಂದೆಯೇ ಚೂಯಿಂಗ್ ಗಮ್ಮು ಬಂತು, ಗ್ರಾಮಫೋನ್ ಪ್ಲೇಟು ಬಂತು, ಸಿನಿಮಾ ಬಂತು. ಸಿಪಾಯಿಗಳು ಹೋದರೂ ಹುಚ್ಚು ಹೋಗಲಿಲ್ಲ. ಹುಡುಗರೆಲ್ಲ ಸಿನಿಮಾದವರ ಹಾಗೆ ತಲೆ ಬಾಚಿ, ಸಿನಿಮಾದವರ ಹಾಗೆ ನಡೆಯತೊಡಗಿದರು. ಸಾಂಡ್ರೊನ ಅಪ್ಪ ಅಮೆರಿಕದಿಂದ ಬಂದ ಹಳೆಬಟ್ಟೆಯ ರಾಶಿಯಿಂದ ಈ ಪ್ಯಾಂಟು ಹೆಕ್ಕಿ ತಂದ. ಸಾಂಡ್ರೊನ ಅಜ್ಜ ಬೆಲ್ಟು ಬಿಚ್ಚಿ ಬಾರಿಸಿದ. ಕೂಲಿಯವರು ಹಾಕುವುದನ್ನು ನನ್ನ ಮಗ ಹಾಕುವುದೇ ಎಂದು ಪ್ಯಾಂಟನ್ನು ಕಲ್ಲಿದ್ದಲ ರಾಶಿಗೆ ಎಸೆದ. ಮಗ ಅದನ್ನು ಎತ್ತಿ ಝಾಡಿಸಿ, ಹಾಕಿಕೊಂಡು, ಒಬ್ಬಳು ಹುಡುಗಿಯನ್ನು ಸ್ಕೂಟರಿನಲ್ಲಿ ಕೂರಿಸಿ ಅಮೆರಿಕದ ಸಿನಿಮಾಕ್ಕೆ ಹೊರಟ. ಟ್ರಾಮಿನ ಹಳಿಗೆ ಚಕ್ರ ಸಿಕ್ಕಿ ಇಬ್ಬರೂ ಬಿದ್ದರು. ಇವನ ಪ್ಯಾಂಟಿನ ಮೊಣಕಾಲು ಹರಿಯಿತು. ಅವಳು ಬಿದ್ದಲ್ಲೇ ನಕ್ಕಳು. ಅವಳೇ ಸಾಂಡ್ರೊನ ತಾಯಿ.

"ಹಾಗಾದ್ರೆ ಇದು ಇಟಲಿಯ ಫ್ಯಾಶನ್ ಅಲ್ಲವಾ?" ಎಂದು ನಿಸಾರ್ ಮಗಳನ್ನು ಕುಟುಕಿದ.

ಹಿಬಾ ಕೇಳಿದಳು. ಸಾಂಡ್ರೊ ಮೊದಲ ಸಲ ಸ್ವಲ್ಪ ನಕ್ಕ. "ಅಮೆರಿಕದ ಕೂಲಿಯವರದ್ದಂತೆ ಅಬ್ಬಾ. ನಾವು ಇಟಲಿಯವರು ರೇಟು ಮಾತ್ರ ಏರಿಸಿದ್ದು ಅಂತಾರೆ," ಎಂದಳು ಹಿಬಾ.

ನಿಸಾರ್ ಕತ್ತರಿ ತೆಗೆದ. "ಅಷ್ಟೇ ಅಲ್ವಾ? ಇಲ್ಲೇ ಒಂದು ತೂತು ಮಾಡಿ ಕೊಡುವಾ."

"ಮುಟ್ಟಿದ್ರೆ ಕೈ ಮುರೀತೇನೆ! ಅವನ ಅಮ್ಮನ ಬೆರಳಿಗೆ ಗೊತ್ತಾಗೂದಿಲ್ವಾ ಮಾರಾಯ?" ಎಂದೆ ನಾನು.

ರಫು ಕಲಿಸಿದ್ದು ನನ್ನ ಅತ್ತೆ. ಹರಿದ ಅಂಚಿನ ಹಳೆ ನೂಲನ್ನು ಕತ್ತರಿಸಬಾರದು ಎನ್ನುತ್ತಿದ್ದರು. "ಹಳೆ ನೂಲು ಮನೆಯ ಹಿರಿಯರ ಹಾಗೆ. ಪಕ್ಕಕ್ಕೆ ಕೂರಿಸು, ಹೊರಗೆ ಹಾಕ್ಬೇಡ." ಆ ನೂಲುಗಳೆಲ್ಲ ಬಟ್ಟೆಯ ಹಿಂಬದಿಯಲ್ಲಿ ಮಲಗಿದ್ದವು. ನಾನು ಹಾಕಿದ್ದನ್ನು ಮಾತ್ರ ಬಿಚ್ಚಿದರೆ ಎದ್ದು ಬರಬೇಕು. ಆದರೆ ಒಗೆದು ಸವೆದ ನೂಲು. ಒಂದನ್ನು ಜೋರಾಗಿ ಎಳೆದರೂ ತೂತು ಬೇರೆಯೇ ಆಗಿಬಿಡುತ್ತದೆ.

ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಯಿತು. ನಿಸಾರ್ ಶಟರ್ ಎಳೆದು ಮಸೀದಿಗೆ ಹೋಗಿ ಬಂದ. ನಾನು ಒಳಗೆ ನನ್ನ ನಮಾಜು ಮುಗಿಸಿ ಕನ್ನಡಕ ಏರಿಸಿ ಕೂತೆ. ಸೂಜಿಯ ತುದಿಯಲ್ಲಿ ಒಂದೊಂದೇ ನೂಲು ಎಬ್ಬಿಸಿದೆ. ಸಾಂಡ್ರೊ ಉಸಿರನ್ನೂ ಬಿಡದೆ ನೋಡುತ್ತಿದ್ದ.

ಬಾಯಿಗೆ ಮಾತ್ರ ಕೆಲಸ ಇರಲಿಲ್ಲವಲ್ಲ. "ಹಿಬಾ, ನಿನ್ನ ಅಬ್ಬ ಹುಡುಗನಿದ್ದಾಗ ಅವನಿಗೂ ದಮ್ಮಾಮಿನಲ್ಲಿದ್ದ ಮಾಮ ಒಂದು ಜೀನ್ಸ್ ತಂದಿದ್ದ," ಎಂದೆ. "ನಿನ್ನ ಅಜ್ಜ ಅದನ್ನು ಕತ್ತರಿಸಿ ನೆಲ ಒರೆಸಲಿಕ್ಕೆ ಇಟ್ರು. ಇವ ಮೂರು ದಿನ ಉಣ್ಲಿಲ್ಲ."

"ಒಂದೇ ಹೊತ್ತು," ಎಂದ ನಿಸಾರ್. "ಉಮ್ಮ, ಈಗ ಅದೆಲ್ಲ ಯಾಕೆ?"

"ಆ ಒರೆಸುವ ಬಟ್ಟೆಯನ್ನು ಒಗೆದು ಟ್ರಂಕಿನಲ್ಲಿ ಬಚ್ಚಿಟ್ಟದ್ದು ಯಾರು?"

ನಿಸಾರ್ ಕತ್ತರಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದ.

ನಾನು ಹಾಕಿದ ಕೊನೆಯ ನೂಲು ಹೊರಬಂತು. ಹಳೆಯ ಬಿಳಿ ಎಳೆಗಳು ಮೊದಲಿನ ಹಾಗೆ ಅಡ್ಡಡ್ಡ ಜೋತುಬಿದ್ದವು. ಸಾಂಡ್ರೊ ತೂತಿನಲ್ಲಿ ಬೆರಳಿಟ್ಟು ನೋಡಿದ, ಆಚೀಚೆ ತಿರುಗಿಸಿದ. ಕಣ್ಣು ಒರೆಸಿಕೊಂಡು ಏನೋ ಹೇಳಿದ.

"ತೂತಿನ ಪ್ಯಾಂಟು ಹಾಕುವ ಮಕ್ಕಳಿಗೆ ಬೈಬಾರ್ದಂತೆ," ಎಂದಳು ಹಿಬಾ.

"ಅವ ಹೇಳಿದ್ದು ಥ್ಯಾಂಕ್ಸ್ ಅಂತ. ಅಷ್ಟು ಇಂಗ್ಲಿಷ್ ನನಗೂ ಬರ್ತದೆ," ಎಂದ ನಿಸಾರ್.

ಸಾಂಡ್ರೊ ಹೋದ ಮೇಲೆ ನಿಸಾರ್ ಮಗಳ ಕಡೆ ತಿರುಗಿದ. "ನಿನ್ನದೆಲ್ಲಿ?"

ಅವಳು ಹಾಸಿಗೆಯ ಅಡಿಯಿಂದ ತಂದುಕೊಟ್ಟಳು. ನಿಸಾರ್ ಅದರ ತೂತಿಗೆ ಬೆರಳು ಹಾಕಿ ಆಚೀಚೆ ತಿರುಗಿಸಿ ನೋಡಿದ. ನಾನು ಸೂಜಿ ಹಿಡಿದೇ ಕಾದೆ.

"ರಫು ಬೇಡ ಉಮ್ಮ. ಇನ್ನೂ ದೊಡ್ಡದಾಗದ ಹಾಗೆ ಅಂಚು ಹೊಲಿದು ಕೊಡಿ."

ಸಾಂಡ್ರೊನ ಪ್ಯಾಂಟಿನಿಂದ ಈಗಷ್ಟೇ ಬಿಚ್ಚಿದ ನೂಲು ಮಡಿಲಲ್ಲೇ ಇತ್ತು. ಅದರಲ್ಲೇ ಹೊಲಿದೆ.